ಪೀರಪ್ಪ ಕಡಿದ ಕೊನೆಯ ತೊಗರಿ

ಸೇಡಂನ ಕಾಳಿನ ಪೇಟೆಯಾದ ಗಂಜಿನಲ್ಲಿ, ನಮ್ಮ ಅಡತ್ ದಲಾಲಿ ಅಂಗಡಿಯಲ್ಲಿ ತೊಗರಿ ಹಸಿಯೋ ಒಣಗಿದ್ದೋ ಎಂದು ಹೇಳುತ್ತಿದ್ದುದು ಪೀರಪ್ಪನ ಹಲ್ಲು. ರೈತ ರಾಶಿ ಸುರಿದ ಕೂಡಲೇ ಒಂದು ಕಾಳನ್ನು ಬಲದವಡೆಗಿಟ್ಟು ಕಡಿಯುತ್ತಿದ್ದ. ‘ಕಟ್’ ಎಂದರೆ ಒಣಗಿದೆ, ಸದ್ದಿಲ್ಲದೆ ಮೆತ್ತಗಾದರೆ ಹಸಿ. ಇಪ್ಪತ್ತು ವರ್ಷ ಆತನ ಮಾತಿಗೆ ಯಾರೂ ಎದುರಾಡಿರಲಿಲ್ಲ.

ನಾನು ಅಲ್ಲೇ ತೂಕದವನು. ಆತನ ಜಂಬ ಕಂಡರೆ ನನಗಾಗುತ್ತಿರಲಿಲ್ಲ. ಅಡಕೊತ್ತು ಎದುರಿಗಿದ್ದರೂ ಇಡೀ ಅಡಿಕೆಯನ್ನು ಹಲ್ಲಿನಲ್ಲೇ ಒಡೆಯಬೇಕು, ಚೀಲದ ಸುತಳಿಯನ್ನೂ ಹಲ್ಲಿನಲ್ಲೇ ಹರಿಯಬೇಕು. ಸುಡುಸುಡು ಚಹಾದ ಮೇಲೆ ಗಡಿಗೆಯ ತಣ್ಣೀರು ಬೇರೆ.

ಎಪ್ಪತ್ತೊಂದನೇ ಇಸವಿಯ ಸುಗ್ಗಿಯಲ್ಲಿ ದವಡೆ ಹಿಡಿದು ಕೂತ. ಸಂತೆಯ ದಿನ ಬರುವ ಹಲ್ಲಿನ ಡಾಕ್ಟರ್ ಅಮೀರ್ ಅಲಿಯ ಬಳಿಗೆ ನಾನೇ ಕರೆದೊಯ್ದೆ.

“ಕಡ್ದಾಗ ಅಲ್ಲ, ಕಡ್ದು ಬಿಟ್ಟಾಗ ಜೀವ ಹೋದಂಗ ಆಗ್ತದಲ್ರೀ?” ಎಂದು ಕೇಳಿದರು ಡಾಕ್ಟರ್. “ಹಲ್ಲು ಬಿರುಕು ಬಿಟ್ಟದ. ಈ ಗಂಜಿನ್ಯಾಗ ನಾ ನೋಡಿದ ಬಾಯಾಗ ಅರ್ಧಕ್ಕರ್ಧ ಹಿಂಗೇ ಅವ. ಅಡಕಿ, ಸುತಳಿ, ಎಲ್ಲಾ ಹಲ್ಲಿಲೇ. ನಿಮಗ ತೊಗರಿ ಬ್ಯಾರೆ. ಇನ್ನ ಕಡ್ಯಾದು ಬಿಡ್ರಿ.”

“ಬಿಟ್ರ ಉಣ್ಣಾದೇನ್ರಿ?” ಎಂದ ಪೀರಪ್ಪ.

ಹಾದಿಯಲ್ಲಿ ನನ್ನ ಕೈ ಹಿಡಿದುಕೊಂಡ. “ಶಿವರಾಯಾ, ಯಾರಿಗೂ ಹೇಳಬ್ಯಾಡಪ್ಪಾ. ಈ ಕೆಲಸ ಹೋದ್ರ ಚೀಲ ಹೊರೂ ಶಕ್ತಿ ನನಗಿಲ್ಲ.”

ಹೇಳಲಿಲ್ಲ. ಆದರೆ ಮರುದಿನದಿಂದ ಸದ್ದು ಬೇರೆಯಾಗಿತ್ತು. ಕಾಳನ್ನು ಕೆನ್ನೆಯ ಸಂದಿಗೆ ಸರಿಸಿ ಆತ ನಾಲಿಗೆಯಲ್ಲಿ ‘ಕಟ್’ ಅನ್ನಿಸುತ್ತಿದ್ದ. ಬಂದ ತೊಗರಿಯೆಲ್ಲ ಒಣಗಿದ್ದೇ! ಪಕ್ಕದಲ್ಲೇ ಕೂತ ನನಗೆ ತಿಳಿಯದೇ ಇರುತ್ತದೆಯೇ? ಪಾಪ ಅನ್ನಿಸಿ ಬಾಯಿ ಮುಚ್ಚಿಕೊಂಡಿದ್ದೆ.

ತಿಂಗಳೊಳಗೆ ಗೋದಾಮಿನ ಚೀಲಗಳಿಗೆ ಬೂಸ್ಟು ಹಿಡಿಯಿತು. ಸಾಹುಕಾರ ಮಡಿವಾಳಯ್ಯನವರು ಬೈಯಲಿಲ್ಲ. ಹೊಸ ರಾಶಿಯ ಮುಂದೆ, ರೈತರೆಲ್ಲರ ಎದುರು, ಪೀರಪ್ಪ ‘ಕಟ್’ ಅನ್ನಿಸಿದ್ದೇ ತಡ, ಕೈ ಚಾಚಿದರು.

“ಬಾಯಾಗಿನ ಕಾಳು ತೆಗಿ ಪೀರಪ್ಪಾ, ನೋಡ್ತೀನಿ.”

ಆತ ಉಗುಳಿದ. ಕಾಳು ಇಡಿಯಾಗಿತ್ತು.

ಎಲ್ಲರೂ ನಕ್ಕರು. ನಾನೂ ನಕ್ಕೆ. ಅದನ್ನು ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೇ ಹೇಸಿಕೆಯಾಗುತ್ತದೆ.

ಪೀರಪ್ಪ ಸಾಹುಕಾರರ ಅಂಗೈಯಿಂದ ಆ ಕಾಳನ್ನೇ ಎತ್ತಿ ಬಲದವಡೆಗಿಟ್ಟು, ಕಣ್ಣು ಮುಚ್ಚಿ ಕಡಿದ. ಈ ಸಲ ಎಲ್ಲರಿಗೂ ಕೇಳುವಂತೆ ‘ಕಟ್’ ಎಂದಿತು. ಮುರಿದದ್ದು ಕಾಳಲ್ಲ.

ರಕ್ತದ ಜೊತೆ ಅರ್ಧ ಹಲ್ಲು ಉಗುಳಿ, “ಕಾಳು ಹಸಿ ಅವ್ರೀ” ಎಂದ. ಹೆಗಲ ವಸ್ತ್ರದಿಂದ ಬಾಯಿ ಒರೆಸಿಕೊಂಡು ಹೊರಟುಹೋದ.

ರಾಶಿ ಹಸಿಯೇ ಇತ್ತು. ಮರುದಿನ ಆತನ ಜಾಗದಲ್ಲಿ ಬೇರೊಬ್ಬ ಕೂತಿದ್ದ, ಅಡಿಕೆ ಕಡಿಯುತ್ತ.