ಕೋವಿ ದುರ್ಗಯ್ಯನ ದುರ್ಬೀನು

ಶೆಟ್ಟಿಕೆರೆ ಸುತ್ತಿನಲ್ಲಿ ದುರ್ಗಯ್ಯ ಎಂಬುವರು ಏಳೆಂಟು ಮಂದಿಯಿದ್ದರು. ಕೋವಿ ದುರ್ಗಯ್ಯ ಮಾತ್ರ ಒಬ್ಬನೇ. ಹಂದಿ ಕಾಟಕ್ಕೆಂದು ಅವರಪ್ಪ ಲೈಸೆನ್ಸ್ ಮಾಡಿಸಿದ ರೈಫಲ್ಲು ಇವನ ಕೈಗೆ ಬಂದ ಮೇಲೆ ಒಂದು ಹಂದಿಯೂ ಸತ್ತಿರಲಿಲ್ಲ. ಆದರೆ ಮದುವೆಮನೆಯ ಮೊದಲ ಪಂಕ್ತಿ, ಬಸ್ಸಿನ ಮುಂದಿನ ಸೀಟು, ಪಂಚಾಯ್ತಿಯಲ್ಲಿ ಕಂಬಕ್ಕೊರಗುವ ಜಾಗ, ಇವೆಲ್ಲ ಆ ಕೋವಿ ಹೊಡೆದ ಬೇಟೆಯೇ.

ಎಪ್ಪತ್ತೊಂಬತ್ತನೇ ಇಸವಿಯಲ್ಲಿ ಲೈಸೆನ್ಸ್ ರಿನ್ಯೂ ಮಾಡಿಸಲು ಸ್ಟೇಷನ್ನಿಗೆ ಹೋದಾಗ ಅವನು, ಮೊಳೆಗೆ ನೇತುಹಾಕಿದ್ದ ಖಾಕಿ ಕೋಟನ್ನೇ ಸಾಹೇಬರೆಂದು ತಿಳಿದು ಕೈಮುಗಿದ. ಪಕ್ಕದಲ್ಲೇ ಕೂತಿದ್ದ ಸಬ್‌ಇನ್‌ಸ್ಪೆಕ್ಟರು ಕೋಪ ಮಾಡಿಕೊಳ್ಳಲಿಲ್ಲ. ಸೋಮವಾರ ತಾವೇ ಬರುವುದಾಗಿಯೂ, ನೂರು ಗಜದಲ್ಲಿಟ್ಟ ತೆಂಗಿನಕಾಯಿಗೆ ಮೂರರಲ್ಲಿ ಒಂದು ಗುಂಡಾದರೂ ತಗುಲದಿದ್ದರೆ ಕೋವಿ ಸ್ಟೇಷನ್ನಿಗೆ ಬರುವುದಾಗಿಯೂ ಹೇಳಿದರು. ಕೋವಿ ಹೋದರೆ ಉಳಿಯುವುದು ಬರೀ ದುರ್ಗಯ್ಯ. ಅಂಥವರು ಆಗಲೇ ಏಳೆಂಟು ಮಂದಿ.

ತುರುವೇಕೆರೆಯ ಚಿಕ್ಕಹನುಮಯ್ಯ ಮಿಲಿಟರಿಯಿಂದ ಬಂದು ಪಂಪ್‌ಸೆಟ್ ರಿಪೇರಿ ಮಾಡುತ್ತಿದ್ದವನು. ಅವನ ಟ್ರಂಕಿನಲ್ಲಿ ರೈಫಲ್ಲಿನ ಮೇಲೆ ಕೂರಿಸುವ ದುರ್ಬೀನೊಂದಿತ್ತು. ಅದನ್ನು ಹಿಡಿಯುವ ಎರಡು ಕಬ್ಬಿಣದ ಬಳೆ ಹಾಕಿ, ಸ್ಕ್ರೂ ಬಿಗಿದು, ಕೆರೆ ಏರಿಯ ಮಣ್ಣಿಗೆ ಗುಂಡು ಹೊಡೆದು ನೋಡಿ, ದುರ್ಬೀನಿನೊಳಗೆ ಗುರಿಗೆಂದು ಅಡ್ಡ ಹಾಯ್ದ ಕೂಡುಗೆರೆ ಎಲ್ಲೋ ಗುಂಡು ಅಲ್ಲೇ ಎಂಬಂತೆ ಹೊಂದಿಸಿದ. ಅದರಲ್ಲಿ ಗುರಿ ನೋಡಿ ದುರ್ಗಯ್ಯ ಎರಡು ಕಾಯಿ ಒಡೆದ.

“ಇನ್ನು ಸ್ಕ್ರೂ ಮುಟ್ಟಬ್ಯಾಡ ಕಣ್ಲಾ,” ಅಂದ ಚಿಕ್ಕಹನುಮಯ್ಯ.

ದುರ್ಗಯ್ಯನಿಗೆ ಮುಟ್ಟುವ ಮನಸ್ಸೇನೂ ಇರಲಿಲ್ಲ. ಭಾನುವಾರ ಗುಂಡು ತೆಗೆದಿಟ್ಟು ಒರೆಸುವಾಗ, ಅಭ್ಯಾಸಬಲದಿಂದ ಕೋವಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ, ಅಷ್ಟೇ. ನಮ್ಮ ಕಡೆ ಕಾಯಿಯನ್ನು ವರ್ಷಗಟ್ಟಲೆ ಅಟ್ಟದ ಮೇಲೆ ಹಾಕಿ ಕಾಯುತ್ತೇವೆ. ಒಳಗೆ ಕೊಬ್ಬರಿ ಒಣಗಿ, ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಲೊಟಲೊಟ ಅಂದರೆ ಹದ ಬಂದಿದೆ ಎಂದು ಲೆಕ್ಕ. ಕೋವಿ ತುಟಿ ಬಿಚ್ಚಲಿಲ್ಲ. ಗಾಬರಿಯಾಗಿ ಹೆಂಡತಿ ಸಿದ್ದಕ್ಕನಿಗೆ ಕೊಟ್ಟ. ಕೊಬ್ಬರಿ ವಿಷಯದಲ್ಲಿ ಅವಳ ಕಿವಿಯೇ ಊರಿಗೆ ಹೈಕೋರ್ಟು.

ಅವಳು ಮೂರು ಸಲ ಅಲ್ಲಾಡಿಸಿದಳು. “ಹಸಿ ಕಣ್ರೀ. ಇನ್ನೂ ಕಚ್ಕಂಡೈತೆ.”

“ಮಿಲಿಟ್ರಿಯೋನು ಬಿಗಿ ಮಾಡವ್ನೆ ಕಣೇ.”

“ಇಪ್ಪತ್ತು ವರ್ಷ ಚಪಾತಿ ತಿಂದು ಬಂದೋರಿಗೆ ಕಾಯಿ ಹದ ಏನ್ ಗೊತ್ತಾಯ್ತದೆ?”

ದುರ್ಗಯ್ಯ ಒಂದೊಂದೇ ಸ್ಕ್ರೂ ಸಡಿಲಿಸುತ್ತ ಹೋದ, ಸಿದ್ದಕ್ಕ ಕಣ್ಣು ಮುಚ್ಚಿ ಕೇಳುತ್ತ ಹೋದಳು. ಕೊನೆಗೆ ಲೊಟಲೊಟ ಎಂದಿತು. ಇಬ್ಬರೂ ನೆಮ್ಮದಿಯಾಗಿ ಮುದ್ದೆ ಉಂಡರು.

ಸೋಮವಾರ ಸಬ್‌ಇನ್‌ಸ್ಪೆಕ್ಟರ ಜೀಪು ಬಂತು, ಏರಿಯ ಬುಡದಲ್ಲಿ ಕಾಯಿ ಇಟ್ಟರು. ಮೊದಲ ಗುಂಡಿಗೆ ಕಾಯಿಯಿಂದ ಮೂರು ಮಾರು ದೂರದಲ್ಲಿ ಮಣ್ಣು ಹಾರಿತು. ಎರಡನೆಯದಕ್ಕೆ ದುರ್ಬೀನು ಹಿಂದಕ್ಕೆ ಜಾರಿ ದುರ್ಗಯ್ಯನ ಹುಬ್ಬು ಹರಿಯಿತು. ಮುಂದಿನ ಬಳೆ ಕಳಚಿಬಿತ್ತು. ಅದನ್ನು ಗಮನಿಸದೆ ಅವನು ಮತ್ತೆ ಕೋವಿ ಎತ್ತಿದಾಗ ದುರ್ಬೀನು ಗೇಟಿನಂತೆ ಪಕ್ಕಕ್ಕೆ ತಿರುಗಿತು. ಅದರ ಹಿಂದೆಯೇ ಅವನ ಕತ್ತೂ ತಿರುಗಿತು. ನಳಿಗೆ ಏರಿಯ ಕಡೆ, ನೋಟ ಜೀಪಿನ ಕಡೆ. ಬಹಳ ಹೊತ್ತು ಗುಂಡು ಹಾರಲಿಲ್ಲ.

“ಯಾಕಯ್ಯ, ಹೊಡಿ,” ಅಂದರು ಸಬ್‌ಇನ್‌ಸ್ಪೆಕ್ಟರು.

“ಆಗಾಕಿಲ್ಲ ಸ್ವಾಮಿ. ಕೂಡುಗೆರೆ ಒಳಗೆ ನಿಮ್ಮ ಮೀಸೆ ಐತೆ.”

ಅವರು ಜೀಪಿನ ಹಿಂದಿನಿಂದಲೇ ಕೋವಿ ಕೆಳಗಿಡಲು ಹೇಳಿದರು. ಕೋವಿ ಸ್ಟೇಷನ್ನಿಗೆ ಹೋಯಿತು. ದುರ್ಬೀನು ಲೈಸೆನ್ಸಿನಲ್ಲಿ ಇಲ್ಲದ ಕಾರಣ ಅದನ್ನು ಅಲ್ಲೇ ಬಿಟ್ಟರು.

ವಾರ ಬಿಟ್ಟು ದುರ್ಗಯ್ಯ ತೋಟದ ಬೇಲಿಯ ಹಿಂದೆ ಕೂತು, ಚಿಕ್ಕನಾಯಕನಹಳ್ಳಿ ಬಸ್ಸು ಬಂತೋ ಇಲ್ಲವೋ ಎಂದು ದುರ್ಬೀನಿನಲ್ಲಿ ನೋಡುತ್ತಿದ್ದ. ಎದುರಿಗೆ, ಇವನ ತೋಟದಲ್ಲಿ ಬಿದ್ದ ಕಾಯಿ ಆಯಲು ನುಗ್ಗಿದ್ದ ಪಕ್ಕದ ತೋಟದ ತಿಪ್ಪಯ್ಯನಿಗೆ ಬೇಲಿ ಸಂದಿಯಲ್ಲಿ ಗಾಜು ಮಿಂಚಿದ್ದು ಕಂಡಿತು. ಅದರ ಕೆಳಗೆ ಕೋವಿ ಇಲ್ಲವೆಂಬುದು ಕಾಣಲಿಲ್ಲ. ಅವನು ಮಡಿಲಿನ ಕಾಯಿಗಳನ್ನೆಲ್ಲ ಬಿಟ್ಟು ಎರಡು ಕೈಯನ್ನೂ ಮೇಲೆತ್ತಿದ.

ದುರ್ಗಯ್ಯನೂ ಒಂದು ಕೈ ಎತ್ತಿ ನಮಸ್ಕಾರ ಹೇಳಿದ. ತಿಪ್ಪಯ್ಯ ಬಸ್ಸು ಹೋಗುವವರೆಗೂ ಕೈ ಇಳಿಸಲಿಲ್ಲ. ಆಮೇಲೆ ಊರೊಳಗೆ ಹೋಗಿ, ಕೋವಿ ದುರ್ಗಯ್ಯ ಇವತ್ತು ನನ್ನ ಜೀವ ಉಳಿಸಿದ ಎಂದು ಹೇಳಿಕೊಂಡು ಬಂದ.