ಫರಸಿಯ ಮೇಲಿನ ಎರಡು ಸಾಲು

ಮೊನ್ನೆ ಕೆಲಸದವಳು ಬಾಲ್ಕನಿಯ ತಾಂಡೂರು ಫರಸಿಯ ಮೇಲೆ ಒಂದು ಬಕೆಟ್ ನೀರು ಸುರಿದಳು. ಬಿಸಿಲಿಗೆ ಕಾದ ಆ ಕಲ್ಲು ನೀರು ಕುಡಿಯುವಾಗ ಒಂದು ವಾಸನೆ ಬರುತ್ತದೆ, ಸುಣ್ಣದ್ದೂ ಅಲ್ಲ, ಮಣ್ಣಿನದೂ ಅಲ್ಲ... ಕೈಯಲ್ಲಿದ್ದ ಪೇಪರನ್ನು ಮಡಚಿಟ್ಟೆ. ಅದರಲ್ಲಿ ‘ಇತಿಹಾಸದಲ್ಲಿ ಈ ದಿನ’ ಎಂಬ ಪುಟ್ಟ ಕಾಲಂ ಬರುತ್ತದೆ. ಅದನ್ನು ನಾನು ಓದುವುದಿಲ್ಲ.

ನಿಜಾಮರ ಆಳಿಕೆಯ ಕೊನೆಯ ವರ್ಷಗಳು. ತಾಂಡೂರಿನಲ್ಲಿ ನಮ್ಮಪ್ಪನದು ತೊಗರಿ ವ್ಯಾಪಾರ. ನಾನು ಹೈದರಾಬಾದಿನ ಕಾನ್ವೆಂಟಿನ ಬೋರ್ಡಿಂಗ್‌ನಲ್ಲಿದ್ದೆ. ಸಮ್ಮರ್ ಹಾಲಿಡೇಸ್‌ಗೆ ಊರಿಗೆ ಬರುತ್ತಿದ್ದೆ. ನಮ್ಮ ಹೊರಪಡಸಾಲೆಯಲ್ಲಿ ಒಬ್ಬ ಮಾಸ್ತರರು ಇಪ್ಪತ್ತು ಮಕ್ಕಳಿಗೆ ಕನ್ನಡ ಕಲಿಸುತ್ತಿದ್ದರು. ಸರ್ಕಾರಿ ಶಾಲೆಯಲ್ಲಿ ಎಲ್ಲವೂ ಉರ್ದು. ಖಾನಗಿ ಶಾಲೆಗೆ ಸರ್ಕಾರದ ಅಪ್ಪಣೆ ಬೇಕು. ಮಾಸ್ತರರು ಅದಕ್ಕಾಗಿ ಅರ್ಜಿಯ ಮೇಲೆ ಅರ್ಜಿ ಹಾಕಿ ಕಾಯುತ್ತಿದ್ದರು.

ಪಡಸಾಲೆಯ ಗೋಡೆಗೆ ಆಳೆತ್ತರದ ಫರಸಿಯೊಂದನ್ನು ಒರಗಿಸಿದ್ದರು. ಅದೇ ಅವರ ಬ್ಲ್ಯಾಕ್‌ಬೋರ್ಡ್. ದಿನಾ ಬೆಳಿಗ್ಗೆ ಸೀಮೆಸುಣ್ಣದ ಖಡುವಿನಿಂದ ‘ಇದೇ ದಿನ’ ಎಂದು ಬರೆದು ಕೆಳಗೆ ಎರಡು ಸಾಲು ಹಾಕುತ್ತಿದ್ದರು. ಮೇಲಿನದು ದೊಡ್ಡವರ ಸಾಲು: ಯಾವುದೋ ಯುದ್ಧ, ಯಾವುದೋ ರಾಣಿಯ ಪಟ್ಟ. ರಜೆಯಲ್ಲಿ ನನ್ನ ಹಿಸ್ಟರಿ ಬುಕ್ಕಿನಿಂದ ಅದನ್ನು ಹುಡುಕಿಕೊಡುವವಳು ನಾನೇ. ಕೆಳಗಿನದು ಊರಿನ ಸಾಲು: ಬಾವಿಗೆ ನೀರು ಬಿದ್ದದ್ದು, ಪ್ಲೇಗಿಗೆ ಮನೆ ಬಿಟ್ಟದ್ದು.

“ವಾಟರ್ಲೂ ಲಡಾಯಿ ಆದ ದಿನಾನೇ ಗೌಡರ ಎಮ್ಮಿ ಎರಡು ಕರ ಹಾಕ್ಯದ. ಎರಡೂ ಬರೀಬೇಕು ನೋಡ್ರಿ ಬಾಯಿ,” ಎಂದು ನನಗೆ ಹೇಳುತ್ತಿದ್ದರು. ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದವು.

ನಿಜಾಮ ಹುಜೂರರ ಹುಟ್ಟುಹಬ್ಬವಾದ ಸಾಲಗಿರಹ ಚಂದ್ರನ ಲೆಕ್ಕದ್ದು. ಇಂಗ್ಲಿಷ್ ಕ್ಯಾಲೆಂಡರಿನಲ್ಲಿ ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದೆ ಜಾರುತ್ತದೆ. ಆ ವರ್ಷ ಅದು ಜಾರುತ್ತ ಬಂದು ಜೂನಿನ ಒಂದು ತಾರೀಖಿನ ಮೇಲೆ ಕೂತಿತು. ಮೂರು ವರ್ಷದ ಹಿಂದೆ ಅದೇ ತಾರೀಖು, ಸರ್ಕಾರದವರು ಬಿಟ್ಟಿ ಕೆಲಸಕ್ಕೆ ಹಿಡಿದೊಯ್ದ ಇಬ್ಬರು ಖಣಿಯಲ್ಲಿ ಕಲ್ಲು ಕುಸಿದು ಸತ್ತಿದ್ದರು. ಯಾವ ದಫ್ತರದಲ್ಲೂ ಆ ಸಾವು ಇರಲಿಲ್ಲ. ಮಾಸ್ತರರ ಕಲ್ಲಿನ ಮೇಲೆ ಮಾತ್ರ, ವರ್ಷಕ್ಕೊಂದು ದಿನ, ಇಬ್ಬರ ಹೆಸರೂ ಇರುತ್ತಿತ್ತು. ಮಾಸ್ತರರು ಹೇಳಿ ಕಳಿಸಿದರೆ ಸತ್ತವನೊಬ್ಬನ ಹೆಂಡತಿ ಅಂದು ಬರುತ್ತಿದ್ದಳು. ಓದು ಬಾರದವಳು. ಗಂಡನ ಹೆಸರು ಯಾವುದೆಂದು ಕೇಳಿ, ಅಳಿಸದ ಹಾಗೆ ಅದರ ಕೆಳಗೆ ಬೆರಳಿಟ್ಟು, ತುಸು ಹೊತ್ತು ನಿಂತು ಹೋಗುತ್ತಿದ್ದಳು.

ಅಂದು ಬೆಳಿಗ್ಗೆ ಅಪ್ಪ, “ಇವತ್ತೊಂದಿನ ಬಿಡ್ರಿ ಮಾಸ್ತರ್. ತನಿಖಿ ಸಾಹೇಬರು ಬರಾಕತ್ಯಾರ,” ಎಂದರು.

“ಬಿಟ್ರ, ಅವರಿಬ್ಬರಿಗೆ ಬ್ಯಾರೆ ದಿನ ಎಲ್ಲಿಂದ ತರಲ್ರಿ?”

ಮೇಲಿನ ಸಾಲಿನಲ್ಲಿ ಹುಜೂರರ ಸಾಲಗಿರಹ, ಕೆಳಗೆ ಖಣಿಯ ಇಬ್ಬರು.

ಶಾಲೆಗಳ ತನಿಖೆಯ ಸಾಹೇಬರು ಸಾಲಗಿರಹದ ಮಿಠಾಯಿ ಹಂಚಲು ಬಂದರು. ಶೇರವಾನಿ, ಅತ್ತರಿನ ಘಮ, ಬಲು ಸಭ್ಯರು. ಕನ್ನಡ ಬಾರದು. ಕಲ್ಲು ತೋರಿಸಿ ಏನೆಂದು ಕೇಳಿದರು. “ಪಂಚಾಂಗ್ ಹೈ ಸಾಬ್,” ಎಂದರು ಮಾಸ್ತರರು.

ಜರಿ ಲಂಗ ಉಟ್ಟು ನಿಂತಿದ್ದ ನಾನು ಮುಂದೆ ಬಂದೆ. “ನೋ ಸರ್! ಇಟ್ ಈಸ್ ಹಿಸ್ಟರಿ.”

ಸಾಹೇಬರ ಮುಖ ಅರಳಿತು. “ರೀಡ್ ಇಟ್, ಬೇಟಿ.”

ಮೇಲಿನ ಸಾಲನ್ನು ಇಂಗ್ಲಿಷಿಗೆ ತಿರುಗಿಸಿದೆ. ಕೆಳಗಿನದಕ್ಕೆ ಬಂದಾಗ ಅವರ ಬೆನ್ನ ಹಿಂದೆ ಮಾಸ್ತರರು ತಲೆ ಅಲ್ಲಾಡಿಸಿದರು. ಬೇಡ... ನಾನಿನ್ನೂ ಮಗು, ತಿಳಿಯಲಿಲ್ಲ ಎಂದು ಇಷ್ಟು ವರ್ಷ ಎಲ್ಲರಿಗೂ ಹೇಳಿದ್ದೇನೆ. ಸುಳ್ಳು. ತಿಳಿದಿತ್ತು. ಆದರೆ ಸಾಹೇಬರು ಕಾಯುತ್ತಿದ್ದರು, ಮತ್ತು ಬಿಟ್ಟಿಗೆ ‘ಫೋರ್ಸ್ಡ್ ಲೇಬರ್’ ಎಂಬ ಮಾತು ನನಗೆ ಆಗಲೇ ಹೊಳೆದುಬಿಟ್ಟಿತ್ತು. ಅಷ್ಟು ಒಳ್ಳೆಯ ಮಾತನ್ನು ನುಂಗುವುದು ಹೇಗೆ? ಎರಡೂ ಹೆಸರುಗಳ ಸಮೇತ, ನಿಧಾನವಾಗಿ ಓದಿದೆ.

“ವೆರಿ ಗುಡ್ ಪ್ರನನ್ಸಿಯೇಷನ್,” ಎಂದು ನನ್ನ ತಲೆ ಸವರಿ ಸಾಹೇಬರು ಹೊರಟರು. ಮೂರನೆಯ ದಿನ ಶಾಲೆ ಮುಚ್ಚುವ ಹುಕುಂ ಬಂತು.

“ನಾಲಗಿ ತಿರಗಸೋದು ಕಲಿಸ್ಯಾರ, ತಡಿಯೋದು ಕಲಿಸಿಲ್ಲ ಇಕಿಗಿ,” ಎಂದಳು ಅಜ್ಜಿ.

ಮಾಸ್ತರರು ಬೈಯಲಿಲ್ಲ. ಟ್ರಂಕು ಹಿಡಿದು ವಾಡಿಯ ರೈಲುಗಾಡಿಗೆ ಹೊರಟಾಗ ನನ್ನ ಮುಂದೆ ನಿಂತರು. “ಇಂಗ್ಲಿಷ್ ಚಲೋ ಆಗ್ಯದ ಬಾಯಿ. ಒಂದು ಮಾತೂ ತಪ್ಪಿಲ್ಲ.” ಆಮೇಲೆ ಅವರ ಸುದ್ದಿ ಬರಲಿಲ್ಲ. ಅಪ್ಪ ಆ ಫರಸಿಯನ್ನು ಬಚ್ಚಲಿಗೆ ಮಗುಚಿ ಹಾಕಿಸಿದರು. ಅದರ ಮೇಲೆ ನಿಂತೇ ನಾವೆಲ್ಲ ಸ್ನಾನ ಮಾಡಿದೆವು.

ಮರುವರ್ಷ ಸಾಲಗಿರಹ ಆ ತಾರೀಖನ್ನು ಬಿಟ್ಟು ಹತ್ತು ದಿನ ಮೊದಲೇ ಆಗಿಹೋಯಿತು. ಕಾರಹುಣ್ಣಿಮೆಯ ಹೊತ್ತಿಗೆ, ದಿನ ತಿಳಿಸುವವರಿಲ್ಲದೆ, ಖಣಿಯಲ್ಲಿ ಸತ್ತವನ ಹೆಂಡತಿ ದಿನಾ ಬರತೊಡಗಿದಳು. ಬರಿಗೋಡೆ ನೋಡಿ ಹೋಗುವಳು. ಒಂದು ದಿನ ನನ್ನನ್ನೇ ಕೇಳಿದಳು:

“ಇವತ್ತೇನ್ರೀ ಬಾಯಿ, ಆ ದಿನ?”

ಅದೇ ದಿನವಾಗಿತ್ತು. ಹೌದೆಂದರೆ ಕಲ್ಲೆಲ್ಲಿ ಎಂದು ಕೇಳುತ್ತಾಳೆ, ಮಾಸ್ತರರೆಲ್ಲಿ ಎಂದು ಕೇಳುತ್ತಾಳೆ...

“ನಂಗೊತ್ತಿಲ್ಲ,” ಎಂದೆ.

“ಹೋಗ್ಲಿ ಬಿಡ್ರಿ. ನಾಳಿ ಬರ್ತೀನಿ,” ಎಂದು ಸೆರಗು ಹೊದ್ದು ಹೋದಳು.

ಇವತ್ತು ಮತ್ತೆ ಆ ತಾರೀಖು. ಕಾಲಂ ಓದಿದೆ, ದೊಡ್ಡವರ ಸಾಲುಗಳೇ. ಕೆಲಸದವಳು ಈಗಷ್ಟೇ ತೊಳೆದ ಒದ್ದೆ ಫರಸಿಯ ಮುಂದೆ ಕುರ್ಚಿ ಎಳೆದುಕೊಂಡು ಕೂತೆ. ಸತ್ತವರಲ್ಲಿ ಒಬ್ಬನ ಹೆಸರು ಸಾಯಬಣ್ಣ. ಇನ್ನೊಂದು, ಅವಳು ಬೆರಳಿಟ್ಟು ನಿಲ್ಲುತ್ತಿದ್ದ ಹೆಸರು... ಸಾಹೇಬರ ಮುಂದೆ ಅಷ್ಟು ಕ್ಲಿಯರಾಗಿ ಓದಿದ್ದೆನಲ್ಲ. ಬೆಳಗಿನಿಂದ ಹುಡುಕುತ್ತಿದ್ದೇನೆ, ನಾಲಗೆಗೆ ಬರುತ್ತಿಲ್ಲ.