ಟಿಕಳಿ ದಾಟಿದ ಮುಳ್ಳು

ಸುಟ್ಟ ಗೇರ್ ಎಣ್ಣೆಗೆ ತಳ ಹಿಡಿದ ಬೆಲ್ಲದ ಪಾಕದ ವಾಸನೆ ಇರುತ್ತದೆ. ಕಳೆದ ತಿಂಗಳು ಎಲೆಕ್ಟ್ರಾನಿಕ್ ಸಿಟಿಯ ನಮ್ಮ ಆಫೀಸಿಗೆ ಪರೀಕ್ಷೆಗೆಂದು ಒಂದು ಕಾರು ಬಂತು. ಎಣ್ಣೆ ನೋಡುವ ಕಡ್ಡಿ ಎಳೆದೆ. ಕೆಂಪಗಿರಬೇಕಾದ ಎಣ್ಣೆ ಕಾಫಿ ಡಿಕಾಕ್ಷನ್ನಿನಂತೆ ಕಪ್ಪಾಗಿತ್ತು. ವಾಸನೆ ಮೂಗಿಗೆ ಹತ್ತಿದ್ದೇ ತಡ, ಕಡ್ಡಿಯನ್ನು ಎಲ್ಲಿಟ್ಟೆನೋ ಗೊತ್ತಿಲ್ಲ, ಹೊರಗೆ ಬಂದು ನಿಂತುಬಿಟ್ಟೆ. ಜೊತೆಯವರು ತಲೆ ಸುತ್ತುತ್ತಿದೆಯಾ ಎಂದು ಕೇಳಿದರು. ಅಂಥದ್ದೇನೂ ಇರಲಿಲ್ಲ. ನನಗೆ ಸಿಟ್ಟು ಬಂದಿತ್ತು. ಎಷ್ಟೋ ವರ್ಷದ ಹಿಂದಿನ ಸಿಟ್ಟು, ಆರಿಹೋಗಿದೆ ಎಂದುಕೊಂಡಿದ್ದೆ.

ಆಗ ನಾನು ಪೀಣ್ಯದ ಒಂದು ಶೆಡ್ಡಿನಲ್ಲಿ ಕೆಲಸಕ್ಕಿದ್ದೆ. ಅಲ್ಲಿ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಬಿಚ್ಚಿ ಕಟ್ಟುವ ಒಬ್ಬರಿದ್ದರು. ಗದಗಿನ ಕಡೆಯವರು, ಬಾಗಲಗುಂಟೆಯಲ್ಲಿ ಹೆಂಡತಿಯ ಜೊತೆ ಒಂದು ಕೋಣೆಯ ಬಾಡಿಗೆ ಮನೆಯಲ್ಲಿದ್ದರು. ಇಡೀ ಶೆಡ್ಡು ಅವರನ್ನು ಕಾಕಾ ಎನ್ನುತ್ತಿತ್ತು, ನಾನೂ ಹಾಗೇ ಅನ್ನುತ್ತಿದ್ದೆ. ಗೇರ್‌ಬಾಕ್ಸಿಗೆ ಅವರು ಪೆಟ್ಟಿಗಿ ಎನ್ನುತ್ತಿದ್ದರು. ಬಿಚ್ಚುವಾಗ ಒಂದು ಹಳೇ ಸೀರೆ ಹಾಸಿ, ಒಳಗಿನ ಒಂದೊಂದು ತಟ್ಟೆಯನ್ನೂ ಬಂದ ಕ್ರಮದಲ್ಲೇ ಜೋಡಿಸಿಡುತ್ತಿದ್ದರು. ಆ ಸೀರೆಯನ್ನು ಯಾರಾದರೂ ದಾಟಿದರೆ ಮುಗಿಯಿತು, ಅವತ್ತು ಅವರ ಬಾಯಿಗೆ ಸಿಕ್ಕವರ ಗತಿ ದೇವರಿಗೇ ಪ್ರೀತಿ. ಇಪ್ಪತ್ತು ವರ್ಷದಲ್ಲಿ ಅವರು ಕಟ್ಟಿದ ಒಂದು ಪೆಟ್ಟಿಗೆಯೂ ಸುಟ್ಟುಕೊಂಡು ವಾಪಸು ಬಂದಿರಲಿಲ್ಲ. ಅವರಿಗಿದ್ದ ಜಂಬ ಅದೊಂದೇ. ಆ ಮಾತು ಪೀಣ್ಯದ ಗ್ಯಾರೇಜುಗಳಿಗೆಲ್ಲ ಗೊತ್ತಿತ್ತು, ಅದರ ಮೇಲೇ ಅವರ ಅನ್ನ ನಡೆಯುತ್ತಿತ್ತು.

ನಾನು ಜಾಲಹಳ್ಳಿಯ ಕ್ವಾರ್ಟರ್ಸಿನಲ್ಲಿ ಬೆಳೆದವಳು. ಡಿಪ್ಲೊಮಾ ಮುಗಿಸಿ ಲ್ಯಾಪ್‌ಟಾಪ್ ಹಿಡಿದುಕೊಂಡು ಆ ಶೆಡ್ಡಿಗೆ ಹೋದಾಗ ಗಂಡಸರೆಲ್ಲ ನನ್ನನ್ನು ದಾರಿ ತಪ್ಪಿ ಬಂದವಳಂತೆ ನೋಡಿದರು. ಗಾಡಿಯ ಕಂಪ್ಯೂಟರಿಗೆ ತಂತಿ ಸಿಕ್ಕಿಸಿ ಎಂಜಿನ್ನಿನ, ಗೇರಿನ ಲೆಕ್ಕಗಳನ್ನು ತಿದ್ದುವುದು ನನ್ನ ಕೆಲಸ. ಮೊದಲ ದಿನವೇ ಕಾಕಾ ನನ್ನನ್ನು ಪಕ್ಕಕ್ಕೆ ಕರೆದರು.

"ನಾ ತಪ್ಪ ಮಾಡಿದ್ರ ಮುದುಕಗ ವಯಸ್ಸಾತು ಅಂತಾರ. ನೀ ಮಾಡಿದ್ರ ಹೆಣ್ಣಮಕ್ಕಳಿಗೆ ಇದು ಆಗೂದಲ್ಲ ಅಂತಾರ. ಹುಷಾರಿ ಇರು, ತಂಗೀ."

ಆಗ ನನಗೆ ಆ ಮಾತೂ ಇಷ್ಟವಾಗಲಿಲ್ಲ. ಇವರ್ಯಾರು ನನಗೆ ಬುದ್ಧಿ ಹೇಳಲು ಎನಿಸಿತ್ತು.

ಶೆಡ್ಡಿನ ಯಜಮಾನ ಪೀಣ್ಯದವನೇ. ಅವರಪ್ಪ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಸಾಲು ಸಾಲು ಶೆಡ್ಡುಗಳು, ಎಲ್ಲದರ ಬಾಡಿಗೆ ಇವನಿಗೆ. ಅವನು ಹೊರದೇಶದ ಒಂದು ಪಿಕಪ್ ಟ್ರಕ್ ತರಿಸಿಕೊಂಡ. ಮನೆಯ ಗೇಟಿನಲ್ಲಿ ಹಿಡಿಸದಷ್ಟು ಅಗಲ. ಅದು ಸಾಲದೆಂದು ಸೂಪರ್‌ಚಾರ್ಜರ್ ಕೂರಿಸಿದ. ಎಂಜಿನ್ನಿನ ಬೆಲ್ಟಿನಿಂದಲೇ ತಿರುಗಿ, ಎಂಜಿನ್ನಿನೊಳಗೆ ಗಾಳಿಯನ್ನು ಒತ್ತಿ ಒತ್ತಿ ತುಂಬುವ ಯಂತ್ರ ಅದು. ವಿಮಾನದ ಹಳೇ ರನ್‌ವೇ ಒಂದರಲ್ಲಿ ಡ್ರ್ಯಾಗ್ ರೇಸ್ ನಡೆಯುವುದಿತ್ತು. ಕಾಲು ಮೈಲಿ ನೇರ ದಾರಿ, ಎರಡು ಗಾಡಿ, ಮೊದಲು ಮುಟ್ಟಿದವನು ಗೆದ್ದ, ಅಷ್ಟೇ. ಆ ಟ್ರಕ್ಕನ್ನು ಅಲ್ಲಿಗೆ ಸಿದ್ಧ ಮಾಡುವ ಕೆಲಸ ನನಗೂ ಕಾಕಾನಿಗೂ ಬಂತು.

ಕೆಲಸದ ತಿರುಳು ಒಂದೇ: ಎಂಜಿನ್ ಎಷ್ಟು ಸುತ್ತು ತಿರುಗಿದಾಗ ಗೇರ್ ಬದಲಾಗಬೇಕು. ಬೇಗ ಬದಲಾದರೆ ಗಾಡಿ ಮಂಕಾಗುತ್ತದೆ. ತಡವಾದರೆ ಎಂಜಿನ್ ಬರಿದೇ ಕಿರುಚುತ್ತದೆ, ಒಳಗೆ ಕ್ಲಚ್ ತಟ್ಟೆಗಳು ಜಾರಿ ಸುಡುತ್ತವೆ. ಭಾನುವಾರದ ಬೆಳಿಗ್ಗೆ, ಮನೆಗಳೇಳದ ಒಂದು ಲೇಔಟಿನ ಖಾಲಿ ರಸ್ತೆಯಲ್ಲಿ ಯಜಮಾನ ಓಡಿಸುತ್ತಿದ್ದ, ಹಿಂದಿನ ಸೀಟಿನಲ್ಲಿ ನಾನು ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡಿರುತ್ತಿದ್ದೆ. ಕಾಕಾ ಮುಂದೆ ಚಪ್ಪಲಿ ಬಿಟ್ಟು, ಬರಿಗಾಲನ್ನು ನೆಲಕ್ಕೆ ಊರಿ, ಕಣ್ಣು ಮುಚ್ಚಿ ಕೂರುತ್ತಿದ್ದರು. ಗೇರ್ ಬೀಳಬೇಕಾದ ಗಳಿಗೆಗೆ ತೊಡೆ ತಟ್ಟುತ್ತಿದ್ದರು. ನನ್ನ ಪರದೆಯ ಗೆರೆಗಳೂ ಅವರ ತೊಡೆಯೂ ಮೊದಮೊದಲು ಹೊಂದಲೇ ಇಲ್ಲ. ಮೂರು ವಾರ ಕಳೆಯುವಷ್ಟರಲ್ಲಿ ನನ್ನ ಗೆರೆಗಳೇ ಅವರ ತೊಡೆಯ ದಾರಿಗೆ ಬಂದವು...

ಆರು ಸಾವಿರ ಸುತ್ತಿಗೆ ಗೇರ್ ಬದಲಾಗಬೇಕೆಂದು ಕೊನೆಗೆ ತೀರ್ಮಾನವಾಯಿತು. ನಾನು ಕಂಪ್ಯೂಟರಿನಲ್ಲಿ ಆರು ಸಾವಿರ ಎಂದೇ ಬರೆಯಲು ಹೋದೆ. ಕಾಕಾ ನಕ್ಕರು.

"ಹುಕುಂ ಕೊಟ್ಟ ಕೂಡ್ಲೆ ಗೇರ್ ಬೀಳಂಗಿಲ್ಲ ತಂಗೀ. ಅದೂ ಎದ್ದು, ಚಪ್ಪಲಿ ಮೆಟ್ಟಿಗೊಂಡು ಬರಬೇಕಲ್ಲ."

ಆದ್ದರಿಂದ ಹುಕುಂ ಐದು ಸಾವಿರದ ಆರುನೂರಕ್ಕೆ. ಅದು ಎದ್ದು ಬರುವಷ್ಟರಲ್ಲಿ ಮುಳ್ಳು ಆರು ಸಾವಿರ ಮುಟ್ಟಿರುತ್ತಿತ್ತು. ಸುತ್ತು ತೋರಿಸುವ ಡಯಲ್ಲಿನ ಗಾಜಿನ ಮೇಲೆ ಆ ಜಾಗಕ್ಕೊಂದು ಗುರುತು ಬೇಕಿತ್ತು. ಕಾಕಾ ಅತ್ತಿತ್ತ ನೋಡಿ, ನನ್ನ ಹಣೆಯ ಕಡೆ ಕೈ ತೋರಿಸಿ, "ಆ ಟಿಕಳಿ ಕೊಡು" ಎಂದರು. ನಾನು ಹಣೆಯ ಮೆರೂನ್ ಸ್ಟಿಕ್ಕರನ್ನು ಕಿತ್ತು ಕೊಟ್ಟೆ. ಅದನ್ನು ಗಾಜಿಗೆ ಅಂಟಿಸಿ, ಹೆಬ್ಬೆರಳಿನಿಂದ ಒತ್ತಿ, ಮುಳ್ಳು ಟಿಕಳಿ ದಾಟುವ ಮೊದಲು ಗೇರ್ ಬೀಳದಿದ್ದರೆ ಆಕ್ಸಿಲರೇಟರಿನಿಂದ ಕಾಲು ತೆಗೆಯಬೇಕೆಂದು ಯಜಮಾನನಿಗೆ ಹೇಳಿದರು. ಆಮೇಲೆ ಸುತ್ತಲಿನ ಗ್ಯಾರೇಜಿನವರೆಲ್ಲ ಬಂದು ಆ ಟಿಕಳಿ ನೋಡಿಕೊಂಡು ಹೋದರು. ಕಾಕಾನ ಕಾಲಿಗೆ ಕಣ್ಣಿದೆ ಎಂದು ಹೊಗಳಿದರು. ಲ್ಯಾಪ್‌ಟಾಪಿನ ಮಾತನ್ನು ಒಬ್ಬರೂ ಎತ್ತಲಿಲ್ಲ. ನನಗೆ ಉರಿಯಿತು, ಅದನ್ನು ಇಲ್ಲಿ ಮುಚ್ಚಿಡುವುದಿಲ್ಲ.

ರೇಸಿನ ದಿನ ಬಿಸಿಲು ಏರಿತ್ತು. ಮೊದಲ ಸುತ್ತು ಗೆದ್ದೆವು. ಎರಡನೆಯದಕ್ಕೆ ಮುಂಚೆ ಕಾಕಾ ಟೈರಿನ ಗಾಳಿ ನೋಡಿ, ಟೀ ಕುಡಿಯಲು ಹೋದರು. ಯಜಮಾನ ಕಿಟಕಿಯಿಂದ ಬಗ್ಗಿ, ತಗ್ಗಿದ ದನಿಯಲ್ಲಿ ಹೇಳಿದ:

"ಮೇಡಂ, ಇನ್ನೊಂದ್ ಐನೂರ್ ಮೇಲಕ್ಕಾಕಿ. ಆ ಯಪ್ಪಂಗೆ ಎಲ್ಲಾದ್ಕೂ ಎದ್ರಿಕೆ. ನೀವ್ ಓದಿರೋರು, ನಿಮ್ಗೆ ಗೊತ್ತಾಗಲ್ವಾ?"

ಯಜಮಾನನಿಗೆ ಹೆದರಿ ಹಾಗೆ ಮಾಡಿದೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಶುದ್ಧ ಸುಳ್ಳು. ಕೊನೆಗೂ ಒಬ್ಬ ನನ್ನನ್ನು ಓದಿರೋರು ಎಂದನಲ್ಲ, ಆ ಒಂದು ಮಾತಿಗೆ ಕರಗಿದೆ. ಐದು ಸಾವಿರದ ಆರುನೂರನ್ನು ಅಳಿಸಿ ಆರು ಸಾವಿರದ ನೂರು ಎಂದು ಬರೆದೆ. ಅದು ತಪ್ಪೆಂದು ಬರೆಯುವಾಗಲೇ ಗೊತ್ತಿತ್ತು. ಹುಕುಂ ಎದ್ದು ಬರಲು ಹೊತ್ತು ಹಿಡಿಯುತ್ತದೆಂದು ಕಾಕಾ ನನಗೇ ತಾನೇ ಹೇಳಿಕೊಟ್ಟದ್ದು... ಟೀ ಕುಡಿದು ಬಂದವರಿಗೆ ನಾನು ಏನೂ ಹೇಳಲಿಲ್ಲ.

ಗಾಡಿ ಹೊರಟಿತು. ಮೊದಲ ಗೇರಿನಲ್ಲೇ ಸದ್ದು ಹದ ಮೀರಿತು. ನನ್ನ ಪಕ್ಕದಲ್ಲಿ ನಿಂತಿದ್ದ ಕಾಕಾ ಕೈಯಲ್ಲಿದ್ದ ಬಟ್ಟೆಯನ್ನು ಕೆಳಗೆ ಬಿಟ್ಟರು. ಎರಡರಿಂದ ಮೂರಕ್ಕೆ ಹೋಗುವಾಗ ಎಂಜಿನ್ ಒಂದೇ ಸಮ ಅರಚಿತು, ಗಾಡಿ ಮಾತ್ರ ಮುಂದಕ್ಕೆ ಎಳೆಯಲಿಲ್ಲ. ಅಡಿಯಿಂದ ಬಿಳಿ ಹೊಗೆ ಎದ್ದಿತು. ಕಾಕಾ ತಿರುಗಿ ನನ್ನ ಮುಖ ನೋಡಿದರು. "ಯಾರ್ ಮುಟ್ಟಿದ್ರು?" ಎಂದು ಮೆಲ್ಲಗೆ ಕೇಳಿದರು. ನಾನು ಲ್ಯಾಪ್‌ಟಾಪ್ ಮುಚ್ಚಿದೆ. ಅವರಿಗೆ ಉತ್ತರ ಸಿಕ್ಕಿತು.

ನಾವು ಓಡಿ ಹೋಗುವಷ್ಟರಲ್ಲಿ ಟ್ರಕ್ಕಿನ ಸುತ್ತ ಇಪ್ಪತ್ತು ಮೂವತ್ತು ಜನ, ಅರ್ಧದಷ್ಟು ಪೀಣ್ಯದ ಗ್ಯಾರೇಜಿನವರೇ. ಡಾಂಬರಿನ ಮೇಲೆ ಎಣ್ಣೆ ಹರಿದಿತ್ತು, ಆ ತಳ ಹಿಡಿದ ಪಾಕದ ವಾಸನೆ. ಇನ್ನೊಂದು ತಂಡದ ಮೆಕ್ಯಾನಿಕ್ ನನ್ನ ಕಡೆ ತಿರುಗಿ, "ಮೇಡಂ, ಗೇರ್ ಎಷ್ಟಕ್ಕೆ ಬಿತ್ತು? ಒಸಿ ತೋರ್ಸಿ" ಎಂದು ಕೈ ಚಾಚಿದ. ಓಟವನ್ನು ಚಿತ್ರ ಹಿಡಿಯಲು ಸಿಕ್ಕಿಸಿದ್ದ ಯಜಮಾನನ ಫೋನು ಡಯಲ್ಲಿನ ಎದುರೇ ಇತ್ತು, ಇನ್ನೂ ಚಿತ್ರ ಹಿಡಿಯುತ್ತಿತ್ತು. ಟಿಕಳಿ ಎಲ್ಲಿದೆ, ಮುಳ್ಳು ಎಲ್ಲಿಗೆ ಹೋಗಿತ್ತು ಎಂದು ಯಾರೊಬ್ಬರು ನೋಡಿದ್ದರೂ ಲೆಕ್ಕ ಬದಲಾಗಿದೆ ಎಂದು ತಿಳಿಯುತ್ತಿತ್ತು. ಬದಲಿಸಬಲ್ಲ ಕೈ ಅಲ್ಲಿ ಒಂದೇ ಇತ್ತು, ನನ್ನದು.

ಕಾಕಾ ಬಾಗಿಲು ತೆಗೆದು ಒಳಗೆ ಬಗ್ಗಿದರು. ಫೋನನ್ನು ಕಿತ್ತು ಯಜಮಾನನ ಕೈಗೆ ಕೊಟ್ಟರು. ಉಗುರಿನಿಂದ ಟಿಕಳಿ ಎಬ್ಬಿಸಿದರು. ಹೊರಗೆ ಬಂದು ಎಲ್ಲರಿಗೂ ಕೇಳುವಂತೆ ಹೇಳಿದರು:

"ಪ್ಲೇಟ್ ನಾನ ತಪ್ಪ ಕುಂಡ್ರಿಸೀನ್ರಿ. ವಯಸ್ಸಾತು."

ಯಜಮಾನನಿಗೆ ಅಷ್ಟೇ ಬೇಕಿತ್ತು. ತಾನೇ ಹೇಳಿ ಮಾಡಿಸಿದ್ದು ಅವನಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಆದರೂ ಆ ನಾಚಿಕೆಗೆಟ್ಟವನು ಗಂಟಲು ಹರಿಯುವಂತೆ ಕೂಗಿದ: "ನೋಡ್ರಪ್ಪಾ ಎಲ್ರೂವೆ! ಇಪ್ಪತ್ ವರ್ಸ ಕಿಸ್ದಿದ್ದು ಇದೇನಾ? ಈ ಯಪ್ಪನ್ ಕೈಗೆ ಗಾಡಿ ಕೊಟ್ರೆ ಇಂಗೇ ಆಗೋದು!" ಗ್ಯಾರೇಜಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾನು ಎರಡು ಮಾರು ದೂರದಲ್ಲಿ ನಿಂತಿದ್ದೆ. ಬಾಯಿ ತೆರೆದಿದ್ದರೆ ಒಂದೇ ಒಂದು ವಾಕ್ಯ ಸಾಕಿತ್ತು. ತೆರೆಯಲಿಲ್ಲ.

ಹೋಗುವಾಗ ಕಾಕಾ ನನ್ನ ಪಕ್ಕದಲ್ಲೇ ಹಾದರು. ಆ ಟಿಕಳಿಯನ್ನು ನನ್ನ ಲ್ಯಾಪ್‌ಟಾಪಿನ ಮುಚ್ಚಳಕ್ಕೆ ಅಂಟಿಸಿ, ಹೆಬ್ಬೆರಳಿನಿಂದ ಒತ್ತಿ, ನಡೆದುಬಿಟ್ಟರು. ಸೋಮವಾರ ಶೆಡ್ಡಿಗೆ ಬರಲಿಲ್ಲ. ಆಮೇಲೂ ಬರಲಿಲ್ಲ. ಹಳೇ ಸೀರೆ ಮಡಿಚಿಟ್ಟಿದ್ದ ಜಾಗದಲ್ಲೇ ಇತ್ತು...

ನಾನು ಎಷ್ಟೋ ಕಾಲ ಅವರನ್ನೇ ಬೈದುಕೊಂಡೆ. ಯಾರು ಕೇಳಿದ್ದರು ಇವರ ಉಪಕಾರವನ್ನು? ಅವತ್ತು ಕೆನ್ನೆಗೆ ಎರಡು ಬಿಟ್ಟಿದ್ದರೆ, ಎಲ್ಲರೆದುರು ಇವಳೇ ಮಾಡಿದ್ದು ಎಂದು ಬೊಟ್ಟು ಮಾಡಿದ್ದರೆ ನಾನು ಅಳುತ್ತಿದ್ದೆ, ಕೆಲಸ ಬಿಡುತ್ತಿದ್ದೆ, ಬದುಕಿಕೊಳ್ಳುತ್ತಿದ್ದೆ. ಇಪ್ಪತ್ತು ವರ್ಷ ಗಳಿಸಿದ ಹೆಸರನ್ನು ನನ್ನಂಥವಳ ಮೇಲೆ ಸುರಿದು ಹೋದರಲ್ಲ ಎಂದು ಹಲ್ಲು ಕಡಿಯುತ್ತಿದ್ದೆ. ಒಂದು ದಿನವಾದರೂ ಬಾಗಲಗುಂಟೆಗೆ ಹೋಗಿ ಬಾಗಿಲು ತಟ್ಟಲಿಲ್ಲ. ಮಾಡಿದವಳು ನಾನು, ಮುನಿಸಿಕೊಂಡವಳೂ ನಾನೇ! ಮುಂದೆ ಎಲೆಕ್ಟ್ರಾನಿಕ್ ಸಿಟಿಯಲ್ಲಿ ದೊಡ್ಡ ಕೆಲಸ ಸಿಕ್ಕಿತು. ಆ ಟ್ರಕ್ಕಿನ ಕೆಲಸವನ್ನು ಅರ್ಜಿಯಲ್ಲಿ ಬರೆದುಕೊಂಡೇ ಅದನ್ನು ಗಿಟ್ಟಿಸಿದೆ. ಟಿಕಳಿಯ ಅಂಟು ಯಾವಾಗ ಒಣಗಿತೋ, ಎಲ್ಲಿ ಉದುರಿತೋ ನೋಡಿಕೊಳ್ಳಲಿಲ್ಲ.

ಕಳೆದ ತಿಂಗಳ ವಾಸನೆ ಮಾತ್ರ ನನ್ನನ್ನು ಬಿಡಲಿಲ್ಲ. ಆ ವಾರವೇ ಪೀಣ್ಯಕ್ಕೆ ಹೋಗಿ ಶೆಡ್ಡಿನ ಮುಂದಿನ ಟೀ ಅಂಗಡಿಯಲ್ಲಿ ವಿಚಾರಿಸಿದೆ. ಕಾಕಾ ರೇಸ್ ನಡೆದ ವರ್ಷವೇ ಚಂದಾಪುರಕ್ಕೆ ಹೋದರಂತೆ. ಮನೆ ಎಲ್ಲಿ ಎಂಬುದನ್ನೂ ಹೇಳಿದರು. ಚಂದಾಪುರ ನನ್ನ ಆಫೀಸಿನಿಂದ ಬಸ್ಸಿನಲ್ಲಿ ಅರ್ಧ ಗಂಟೆ. ಇಷ್ಟು ವರ್ಷ ಅವರು ಅಷ್ಟು ಹತ್ತಿರದಲ್ಲಿದ್ದರು.

ಬಾಗಿಲು ತೆರೆದವರು ಅವರ ಹೆಂಡತಿ. ಹಣೆ ಬರಿದಾಗಿತ್ತು. ಕೇಳುವ ಮೊದಲೇ ಉತ್ತರ ಸಿಕ್ಕಿತು.

ನಾನು ಯಾರೆಂದು ಹೇಳಿಕೊಂಡೆ. ಒಳಗೆ ಕೂರಿಸಿ ಚಹಾ ಕೊಟ್ಟರು. "ನಿಮ್ಮ ಸುದ್ದಿ ಭಾಳ ಹೇಳ್ತಿದ್ರು ಅಕ್ಕಾರ" ಎಂದರು. ರೇಸ್ ಆದ ಮೇಲೆ ಗ್ಯಾರೇಜಿನವರು ಒಬ್ಬೊಬ್ಬರಾಗಿ ಕೆಲಸ ಕಳಿಸುವುದನ್ನು ನಿಲ್ಲಿಸಿದರಂತೆ. ಆಮೇಲೆ ಕಾಕಾ ಪೆಟ್ಟಿಗೆ ಮುಟ್ಟಲಿಲ್ಲ. ಇಲ್ಲಿಯ ಒಂದು ಕಾರ್ಖಾನೆಯಲ್ಲಿ ರಟ್ಟಿನ ಡಬ್ಬ ಹೊರುವ ಕೆಲಸಕ್ಕೆ ಸೇರಿದರಂತೆ, ಹೋದ ವರ್ಷ ಎದೆನೋವಿನಿಂದ ತೀರಿಕೊಂಡರಂತೆ. ಒಮ್ಮೆ ನನ್ನನ್ನು ಬಸ್ ಸ್ಟಾಪಿನಲ್ಲಿ ಕಂಡಿದ್ದರಂತೆ.

"ಕೊಳ್ಳಾಗ ಆಫೀಸಿನ ಪಟ್ಟಿ ಇತ್ತಂತ. ತಂಗಿ ಚೊಲೊ ಆಗ್ಯಾಳ ಅಂದ್ರು. ಮಾತಾಡ್ಸಬೇಕಿತ್ತಿಲ್ರಿ ಅಂದ್ರ, ಬ್ಯಾಡ ಬಿಡು ಅಂದ್ರು." ಆಕೆ ಮುಂದುವರಿಸಿದರು. "ನಾನೂ ಅವ್ರಿಗೆ ಅಂದೀನ್ರಿ. ಕಣ್ಣ್ ನೆಟ್ಟಗಿಟ್ಟು ಕೆಲಸ ಮಾಡಾಕ ಆಗ್ಲಿಲ್ಲೇನು, ಬದುಕು ಹಾಳ ಮಾಡಿದ್ರಿ ಅಂತ. ಒಂದ್ ಮಾತು ತಿರುಗಿ ಆಡ್ಲಿಲ್ಲ."

ಹೆಂಡತಿಗೂ ಹೇಳಿರಲಿಲ್ಲ! ನನ್ನ ಕೈಯಲ್ಲಿದ್ದ ಚಹಾದ ಲೋಟವನ್ನು ನೆಲಕ್ಕಿಟ್ಟೆ. ಕಾಕಾನ ಕೈ ತಪ್ಪಿರಲಿಲ್ಲ ಎಂದೆ. ಯಜಮಾನ ಹೇಳಿದ, ನಾನು ಬದಲಿಸಿದೆ, ಅವರಿಗೆ ತಿಳಿಸಲಿಲ್ಲ, ಅವರು ನನ್ನನ್ನು ಉಳಿಸಿ ಹೋದರು ಎಂದೆ. ಎಲ್ಲವನ್ನೂ ಹೇಳಲು ಎರಡು ನಿಮಿಷ ಹಿಡಿಯಿತೋ ಇಲ್ಲವೋ.

ಆಕೆ ನೆಲದ ಮೇಲಿನ ಲೋಟವನ್ನು ಎತ್ತಿ ಒಳಗಿಟ್ಟು ಬಂದರು. ಆಮೇಲೆ ನನ್ನ ಕಡೆ ತಿರುಗಿದಾಗ ಅಕ್ಕಾರ ಎಂಬ ಮಾತು ಹೋಗಿತ್ತು.

"ಇಷ್ಟ್ ಹೇಳಾಕ ನಿನಗ ಇಷ್ಟ್ ವರ್ಷ ಬೇಕಾತೇನು? ನನ್ನ ಬಾಯಿಂದ ಅವ್ರಿಗೆ ಬೈಸಿದೆಲ್ಲ ನೀ."

ನಾನು ಬೇಡಿಕೊಂಡೆ. ಇದನ್ನು ಬರೆಯುತ್ತೇನೆ, ಅವರ ಹೆಸರು ಹಾಕಿ ಅಚ್ಚು ಮಾಡಿಸುತ್ತೇನೆ, ಪೀಣ್ಯಕ್ಕೆಲ್ಲ ಗೊತ್ತಾಗಲಿ ಎಂದೆ. ಆಕೆ ಎದ್ದು ಬಾಗಿಲು ತೆರೆದು ಹಿಡಿದರು.

"ಬೇಕಾದ್ದು ಬರಿ. ಅವ್ರ ಹೆಸರು ಮಾತ್ರ ನಿನ್ನ ಕೈಯಾಗ ಬ್ಯಾಡ."

ಆದ್ದರಿಂದ ಇಲ್ಲಿ ಹೆಸರಿಲ್ಲ, ಬರೀ ಕಾಕಾ. ಆಫೀಸಿನ ಕಾರು ಈಗಲೂ ಅಲ್ಲೇ ನಿಂತಿದೆ, ಹೊಸ ಎಣ್ಣೆ ಹಾಕಿದರೂ ವಾಸನೆ ಹೋಗಿಲ್ಲ. ಅವತ್ತು ಟ್ರಕ್ಕಿನ ಸುತ್ತ ನಿಂತಿದ್ದ ಗ್ಯಾರೇಜಿನವರಲ್ಲಿ ಒಬ್ಬರಾದರೂ ಇದನ್ನು ಓದಿದರೆ, ಕಾಕಾ ಯಾರೆಂದು ಅವರಿಗೆ ತಿಳಿಯುತ್ತದೆ. ಅವರಿಗಾಗಿ ಬರೆದಿಡುತ್ತಿದ್ದೇನೆ. ಕಾಕಾ ಕಟ್ಟಿದ ಒಂದು ಪೆಟ್ಟಿಗೆಯೂ ಅವರ ತಪ್ಪಿನಿಂದ ಸುಡಲಿಲ್ಲ. ಐದು ಸಾವಿರದ ಆರುನೂರನ್ನು ಅಳಿಸಿದವಳು ನಾನು.